ರೋಮಿನ ಬೀಗದ ಕೈ, ಹುಮನಾಬಾದಿನ ಬೀಗರು

ನಮ್ಮ ಕಡೆ ಬಾಗಿಲಿಗೆ ಹಾಕುವುದು ಕೀಲಿ. ಅದನ್ನು ತೆಗೆಯುವುದು ಕೀಲಿಕೈ. ಬೀಗ ಅಂದರೆ ಬೇರೆ. ಬೀಗ ಅಂದರೆ ಮಗನಿಗೋ ಮಗಳಿಗೋ ಮಾವನಾದ ಮನುಷ್ಯ. ಮದುವೆಯ ಊಟದಲ್ಲಿ ಹೋಳಿಗೆಗೆ ತುಪ್ಪ ಕಡಿಮೆ ಬಿತ್ತೆಂದು ಮೊಮ್ಮಕ್ಕಳು ಹುಟ್ಟುವ ತನಕ ಮಾತು ಬಿಡುವ ಆಸಾಮಿ. ಪುಸ್ತಕದ ಕನ್ನಡದಲ್ಲಿ ಕೀಲಿಗೂ ಬೀಗ ಅನ್ನುತ್ತಾರೆ ಎಂದು ನಾನು ಶಾಲೆಯಲ್ಲಿ ಓದಿದ್ದೆ. ಆದರೆ ಪುಸ್ತಕದಲ್ಲಿ ಏನೇನೋ ಬರೆದಿರುತ್ತಾರೆ, ಅದನ್ನೆಲ್ಲ ದುಕಾನಿನಲ್ಲಿ ಕೂತವನು ತಲೆಗೆ ಹಚ್ಚಿಕೊಂಡರೆ ವ್ಯಾಪಾರ ನಡೆಯುವುದಿಲ್ಲ.

ನಮ್ಮದು ಬಸವಕಲ್ಯಾಣದಲ್ಲಿ ಕೋಟೆಗೆ ಹೋಗುವ ದಾರಿಯ ಮೇಲೆ ಕಬ್ಬಿಣ ಸಾಮಾನಿನ ದುಕಾನ. ಮುಂದೆ ದುಕಾನ, ಹಿಂದೆ ಮನೆ. ಮೊಳೆ, ಕೊಂಡಿ, ಚಿಲಕ, ಬಕೆಟ್ಟು, ಬಾವಿ ಹಗ್ಗ, ಗೋಡೆ ತುಂಬ ನೇತುಹಾಕಿದ ಕೀಲಿಗಳು. ಕಾಲೇಜು ನನ್ನನ್ನು ಪಾಸು ಮಾಡುವ ಆಸೆ ಬಿಟ್ಟ ಮೇಲೆ ನಾನು ಆ ಕೀಲಿಗಳ ಕೆಳಗೆ ಬಂದು ಕೂತಿದ್ದೆ. ಅಪ್ಪ ದುಡ್ಡಿನ ಗಲ್ಲೆಯ ಹಿಂದೆ ಕೂಡುತ್ತಿದ್ದ. ಅಪ್ಪನ ಮಾತು ಒಂದೇ, “ಹುಂ.” ಗಿಡ್ಡ ಹುಂ ಅಂದರೆ ಹೌದು. ಉದ್ದ ಹುಂ ಅಂದರೆ ನೋಡೋಣ. ಗಂಟಲಿನಿಂದ ಬಂದ ಹುಂ ಅಂದರೆ ನಾನು ಬಾಯಿ ಮುಚ್ಚಬೇಕು. ಮನೆಯ ಮಾತುಗಳನ್ನೆಲ್ಲ ದೇವರು ಲೆಕ್ಕ ಮಾಡಿಯೇ ಕೊಟ್ಟಿರಬೇಕು. ಅಪ್ಪನ ಪಾಲಿನದೂ ನನಗೇ ಬಂದಿತ್ತು.

ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಸ್ವಲ್ಪ ದಿನವಾಗಿತ್ತು. ಒಂದು ಭಾನುವಾರ ದುಕಾನಿಗೆ ಐವತ್ತರ ಹತ್ತಿರದ ಒಬ್ಬರು ಬಂದರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಬಗಲಲ್ಲಿ ಕೊಡೆ. ನಮ್ಮಲ್ಲಿ ಆ ಕಾಲಕ್ಕೆ ಕೊಡೆ ಹಿಡಿದು ಓಡಾಡುವವರು ಒಂದೋ ಮಳೆಗಾಲ ನಂಬಿದವರು, ಇಲ್ಲವೇ ಮೈಸೂರು ಕಡೆಯವರು.

“ಏನಪ್ಪಾ, ನಿಮ್ಮಲ್ಲಿ ಹಳೇ ಬೀಗ ಏನಾದ್ರೂ ಇದೆಯಾ?” ಎಂದು ಕೇಳಿದರು.

ಅವರಿಗೆ ಏನು ಬೇಕು ಅಂತ ನನಗೆ ತಿಳಿಯಿತು. ಆದರೆ ಇಂಥ ಅವಕಾಶ ದಿನಾ ಸಿಗುತ್ತದೆಯೇ?

“ಹಳೇ ಬೀಗ ಇಲ್ರಿ, ಹೊಸಾ ಬೀಗನೂ ಇಲ್ಲ. ನಮ್ಮವ್ವ ಹುಡುಕಾಕತ್ತಾಳ್ರಿ.”

“ಹೌದಾ? ಎಲ್ಲಿ ಹುಡುಕ್ತಿದ್ದಾರೆ?”

“ಮಂಠಾಳದಾಗ ಒಂದು ನೋಡಿದ್ಲು. ಕೂಡಿ ಬರ್ಲಿಲ್ಲ.”

ಅವರು ಕೊಡೆಯನ್ನು ನೆಲಕ್ಕೆ ಊರಿ ಮುಂದೆ ಬಾಗಿದರು. “ಮಂಠಾಳದಲ್ಲಿ ಬೀಗ ಇದೆಯಾ? ಎಷ್ಟು ಹಳೇದು?”

“ಅರವತ್ತು ದಾಟ್ಯದ್ರಿ. ಹಲ್ಲು ಎಲ್ಲಾ ಉದುರ್ಯಾವ.”

“ಹಲ್ಲು ಉದುರಿದ್ರೆ ಪರವಾಗಿಲ್ಲ. ತುಕ್ಕು ಹಿಡಿದಿದೆಯಾ?”

“ತಲಿಗಿ ಪೂರಾ ಹಿಡದದ್ರಿ.”

ಗಲ್ಲೆಯ ಕಡೆಯಿಂದ ಗಂಟಲ ಹುಂ ಬಂತು. ನಾನು ಎದ್ದು ಅವರಿಗೆ ಸ್ಟೂಲು ಹಾಕಿದೆ.

ಹೀಗೆ ಪರಿಚಯವಾಯಿತು. ಅವರು ಹುಮನಾಬಾದಿನಲ್ಲಿ ಇತಿಹಾಸ ಕಲಿಸುವವರು. ಹೆಂಡತಿ ಮಗಳು ಮೈಸೂರಿನಲ್ಲಿ, ಇವರು ಇಲ್ಲಿ ಬಾಡಿಗೆ ಕೋಣೆಯಲ್ಲಿ. ಹಳೆಯ ಕೀಲಿ, ಕೀಲಿಕೈ ಕೂಡಿಹಾಕುವ ಹುಚ್ಚು. ಪ್ರತಿ ಭಾನುವಾರ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಬಂದು, ಹಳೆಯ ಶ್ರೀಮಂತರ ವಾಡೆಗಳ ಬಾಗಿಲ ಮುಂದೆ ನಿಂತು ಕೀಲಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಒಳಗಿನಿಂದ “ಯಾರ್ರಿ ಅದು, ಹಗಲಿನಾಗ?” ಎಂದು ಕೂಗು ಬರುತ್ತಿತ್ತು. ಹಾಗೆ ಕೂಗು ಬಂದಾಗ ವಿವರಿಸಿ ಹೇಳಲು ನಾನು ಅವರ ಜೊತೆ ಹೋಗತೊಡಗಿದೆ. ನಮ್ಮ ಮನೆಯಲ್ಲಿ ಅವರು ಮೈಸೂರು ಸರ್ ಆದರು.

ಅವ್ವ ಬೀಗರನ್ನು ಹುಡುಕುತ್ತಿದ್ದದ್ದು ಮಾತ್ರ ಖರೆ. ನನಗೆ ಕನ್ಯೆ ಗೊತ್ತಾಗುವುದು ಕಷ್ಟವಾಗಿತ್ತು, ಅದಕ್ಕೆ ಕಾರಣ ನನ್ನ ಬಾಯಿ. ಮಂಠಾಳದಲ್ಲಿ ಹುಡುಗಿಯ ಅಪ್ಪ “ಏನ್ ಮಾಡ್ತೀ ತಮ್ಮಾ?” ಎಂದು ಕೇಳಿದರೆ ನಾನು “ಕೂಡ್ತೀನ್ರಿ” ಎಂದಿದ್ದೆ. ದುಕಾನಿನಲ್ಲಿ ಎಂದು ಸೇರಿಸುವಷ್ಟರಲ್ಲಿ, ಬರುತ್ತಿದ್ದ ಚಹಾ ತಿರುಗಿ ಒಳಗೆ ಹೋಯಿತು. ಮುಡಬಿಯಲ್ಲಿ ಅಂಗಳದ ಎತ್ತನ್ನು ಎಷ್ಟು ಹೊಗಳಿದೆನೆಂದರೆ, ಹುಡುಗಿ ಬಂದು ಕೂತು ಎದ್ದು ಹೋದದ್ದು ನನಗೆ ತಿಳಿಯಲೇ ಇಲ್ಲ. ಬೇಮಳಖೇಡದಲ್ಲಿ ಬಾಗಿಲಲ್ಲೇ ನಾಲ್ಕು ಎಮ್ಮೆ ಕಟ್ಟಿದ್ದರು. ನಾನು ನಗಿಸೋಣವೆಂದು “ಇವರೊಳಗ ಯಾರನ್ನ ನೋಡಬೇಕ್ರಿ?” ಎಂದೆ. ಯಾರೂ ನಗಲಿಲ್ಲ. ಎಮ್ಮೆ ಸಹ.

ಆ ಮೇಲೆ ಬಂದದ್ದು ಹುಮನಾಬಾದಿನ ಮನೆತನ. ತೊಗರಿ ವ್ಯಾಪಾರದ ಸಾಹುಕಾರರು. ಅವರಿಗೆ ಒಬ್ಬಳೇ ಮಗಳು. ಈ ಸಲ ನನಗೂ ಜೀವ ಡವಡವ ಅನ್ನುತ್ತಿತ್ತು, ಯಾಕೆಂದರೆ ಆ ಹುಡುಗಿಯನ್ನು ನಾನು ಮೊದಲೇ ನೋಡಿದ್ದೆ. ಹುಮನಾಬಾದಿನಿಂದ ಹೊರಟ ಬಸ್ಸಿನಲ್ಲಿ ಒಬ್ಬಾತ ತನ್ನ ಮೆಣಸಿನಕಾಯಿ ಚೀಲವನ್ನು ಪಕ್ಕದ ಸೀಟಿನ ಮೇಲೆ ಕೂಡಿಸಿಕೊಂಡಿದ್ದ. ಮುದುಕಿಯೊಬ್ಬಳು ನಿಂತಿದ್ದಳು. ಈ ಹುಡುಗಿ ಹೋಗಿ, “ಕಾಕಾ, ಈ ಚೀಲಕ್ಕ ಟಿಕೀಟ್ ತಗಸೀರೇನು? ತಗಸಿದ್ರ ಕೂಡ್ಲಿ, ಪಾಪ. ಇಲ್ಲಾಂದ್ರ ಅದಕ್ಕ ಜರಾ ನಿಂದರಾಕ ಹೇಳ್ರಿ” ಎಂದಳು. ಆತ ಗಾಬರಿಯಲ್ಲಿ ಚೀಲವನ್ನೆತ್ತಿ, ತಾನೂ ಎದ್ದು ನಿಂತುಬಿಟ್ಟ. ನಾನು ಹಿಂದಿನ ಸೀಟಿನಲ್ಲಿ ನಕ್ಕು ನಕ್ಕು ಕೆಮ್ಮಿದೆ. ಮೆಣಸಿನಕಾಯಿ ಘಾಟೂ ಇತ್ತು ಅನ್ನಿ. ಆದರೆ ಇಳಿದ ಮೇಲೂ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಅವಳು ತೊಗರಿ ಸಾಹುಕಾರರ ಮಗಳೆಂದು ಕಂಡಕ್ಟರ್ ಹೇಳಿದ. ಈ ಹುಡುಗಿ ಮನೆಗೆ ಬಂದರೆ ನನ್ನ ಬಾಯಿಗೆ ಜೊತೆ ಸಿಕ್ಕಿತು ಅಂದುಕೊಂಡೆ. ಬರದಿದ್ದರೆ ಏನೆಂದು ಯೋಚಿಸುವ ಧೈರ್ಯವೇ ಆಗಲಿಲ್ಲ.

ಅವ್ವನಿಗೆ ನಾನು ಇದನ್ನು ಹೇಳಿರಲಿಲ್ಲ. ಆದರೂ ಅವಳಿಗೆ ಗೊತ್ತಾಗಿತ್ತು. ನಾನೇ ಬಟ್ಟೆ ಒಗೆದುಕೊಂಡಿದ್ದೆ.

“ನೋಡು,” ಎಂದಳು ಅವ್ವ ಆ ಭಾನುವಾರ ಬೆಳಿಗ್ಗೆ. “ಅಲ್ಲಿ ಹೋಗಿ ಬಾಯಿ ಬಿಟ್ಟಿ ಅಂದ್ರ ನಾ ಸುಮ್ಮ ಬಿಡಂಗಿಲ್ಲ. ಕೇಳಿದ್ದಕ್ಕ ಒಂದೇ ಮಾತು. ಕೇಳಿದ್ದು ತಿಳೀಲಿಲ್ಲಾಂದ್ರೂ ಒಂದೇ ಮಾತು. ನಿಮ್ಮಪ್ಪನ ನೋಡಿ ಕಲಿ.”

“ಹುಂ” ಎಂದೆ.

“ಹಾಂ, ಹಂಗ!”

ಮಧ್ಯಾಹ್ನದ ಬಸ್ಸಿಗೆ ಅಪ್ಪ ಮತ್ತು ನಾನು ಹೊರಡುವುದಿತ್ತು. ಅಷ್ಟರಲ್ಲಿ ಮೈಸೂರು ಸರ್ ಬಂದರು. ಅಪ್ಪ ಅವರಿಗಾಗಿ ಹಳೆಯದೊಂದು ಗಜ್ಜುಗದಂಥ ಕೀಲಿಯನ್ನು ತೆಗೆದಿಟ್ಟಿದ್ದ. ಅದಕ್ಕೆ ಹೋಲಿಸಿ ನೋಡಲು ಸರ್ ತಮ್ಮ ಪೆಟ್ಟಿಗೆ ತಂದಿದ್ದರು. ಅದರಿಂದ ಹತ್ತಿಯ ಸುರುಳಿ ತೆಗೆದರು. ಹತ್ತಿ ಬಿಚ್ಚಿದರೆ ಒಳಗೆ ಹಸಿರು ಬಣ್ಣದ ಉಂಗುರ. ಉಂಗುರದ ನೆತ್ತಿಯ ಮೇಲೆ ಹರಳಿನ ಬದಲು ಹಲ್ಲಿದ್ದ ಒಂದು ತುಂಡು ಚಾಚಿಕೊಂಡಿತ್ತು, ಬಾಯಿ ತೆರೆದ ಇಲಿಮರಿಯಂತೆ.

“ಇದು ರೋಮಿನದು,” ಎಂದರು ಸರ್, ದನಿ ತಗ್ಗಿಸಿ. “ಹೈದರಾಬಾದಿನ ಹಳೇ ಸಾಮಾನಿನ ಬಜಾರಲ್ಲಿ ಯಾರೋ ನವಾಬರ ಮನೆ ಟ್ರಂಕಿಂದ ಬಂತು. ಎರಡು ಸಾವಿರ ವರ್ಷದ ಬೀಗದ ಕೈ.”

“ಉಂಗುರ ಅಲ್ರಿ ಇದು?”

“ಎರಡೂ ಹೌದು. ರೋಮಿನವರ ಬಟ್ಟೆಗೆ ಜೇಬಿರಲಿಲ್ಲ. ಒಡವೆ ಪೆಟ್ಟಿಗೆಯ ಕೈಯನ್ನ ಬೆರಳಿಗೇ ಹಾಕ್ಕೊಂಡು ತಿರುಗ್ತಿದ್ರು.”

“ಮತ್ತ ಪೆಟ್ಟಿಗಿ?”

“ಅದು ಮರ, ಹುಳ ತಿಂತು. ಬೀಗ ಕಬ್ಬಿಣ, ತುಕ್ಕು ಹಿಡಿದು ಮಣ್ಣಾಗಿಹೋಯ್ತು. ಕೈ ಕಂಚಿಂದು, ಅದಕ್ಕೇ ಉಳೀತು. ಎಲ್ಲ ಕಡೆ ಹಾಗೇನೇ. ರೋಮಿನ ಬೀಗ ಸಿಗೋದು ಅಪರೂಪ, ಕೈ ಸಿಗುತ್ತೆ.” ಅವ್ವ ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದುದನ್ನು ನೋಡಿ ಸರ್ ಹುರುಪಾದರು. “ಅಲ್ಲಿ ಸೊಸೆ ಮನೆಗೆ ಬಂದ ಕೂಡ್ಲೇ ಅವಳಿಗೆ ಬೀಗದ ಕೈ ಕೊಡೋರು, ತಾಯಿ. ಗಂಡ ಅದನ್ನ ವಾಪಸು ಕೇಳಿದ ಅಂದ್ರೆ ಮದುವೆ ಮುರೀತು ಅಂತ ಅರ್ಥ.”

ಅವ್ವ ಸೊಂಟಕ್ಕೆ ಸಿಕ್ಕಿಸಿದ ತನ್ನ ಕೀಲಿಕೈ ಗೊಂಚಲನ್ನು ಮುಟ್ಟಿಕೊಂಡು ಅಪ್ಪನ ಕಡೆ ನೋಡಿದಳು. ಅಪ್ಪ ಬೇರೆ ಕಡೆ ನೋಡಿದ.

“ಅದೆಲ್ಲಾ ಖರೆ,” ಎಂದಳು ಅವ್ವ, “ಕಿಲುಬು ಯಾಕ ಹಂಗೇ ಬಿಟ್ಟೀರಿ? ಕೊಡ್ರಿ ಇಲ್ಲಿ, ಹುಣಸಿಹಣ್ಣು ಹಚ್ಚಿ ತಿಕ್ಕಿ ಕೊಡ್ತೀನಿ.”

ಸರ್ ಉಂಗುರವನ್ನು ಎದೆಗೆ ಅವಚಿಕೊಂಡರು. “ಅಯ್ಯೋ ತಾಯಿ! ಈ ಹಸಿರೇ ಇದರ ವಯಸ್ಸು. ಸಂಗ್ರಹ ಮಾಡೋರು ಇದನ್ನ ಕಣ್ಣಿನ ಹಾಗೆ ಕಾಯ್ತಾರೆ. ಕಿಲುಬು ಹೋಯ್ತು ಅಂದ್ರೆ ಇದಕ್ಕೂ ನಿಮ್ಮ ದುಕಾನಿನ ಕೊಂಡಿಗೂ ಏನು ವ್ಯತ್ಯಾಸ?”

ನಮ್ಮ ದುಕಾನಿನ ಕೊಂಡಿಯ ಮಾತು ಬಂದದ್ದಕ್ಕೆ ಅಪ್ಪ ಉದ್ದ ಹುಂ ಅಂದ. ಸರ್ ಉಂಗುರವನ್ನು ಹತ್ತಿಯ ಮೇಲಿಟ್ಟು ಅಪ್ಪನ ಕೀಲಿಯನ್ನು ಬೆಳಕಿಗೆ ಹಿಡಿದರು.

ಎರಡು ಸಾವಿರ ವರ್ಷದ ಉಂಗುರ ಎದುರಿಗೆ ಬಿದ್ದಿದೆ, ಯಾರೂ ನೋಡುತ್ತಿಲ್ಲ. ನೀವಾದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ. ನಾನು ಬಲಗೈ ಉಂಗುರ ಬೆರಳಿಗೆ ಹಾಕಿ ನೋಡಿದೆ. ಮೊದಲ ಗೆಣ್ಣು ಸಲೀಸಾಗಿ ದಾಟಿತು. ಎರಡನೆಯದಕ್ಕೆ ಜರಾ ಒತ್ತಬೇಕಾಯಿತು. ಒತ್ತಿದೆ. ರೋಮಿನ ಯಾವುದೋ ಶ್ರೀಮಂತ ಹೆಂಗಸಿನ ಹಾಗೆ ಕೈ ಅಲ್ಲಾಡಿಸಿ ಅವ್ವನಿಗೆ ತೋರಿಸಿದೆ. ಅವ್ವ ನಕ್ಕಳು. ಆಮೇಲೆ ತೆಗೆಯಲು ಹೋದೆ.

ಅದು ಬರಲಿಲ್ಲ.

ತಿರುವಿದೆ, ಎಳೆದೆ. ಬೆರಳು ಬಂತು, ಕೈ ಬಂತು, ಭುಜ ಬಂತು, ಉಂಗುರ ಮಾತ್ರ ಕೂತಲ್ಲೇ ಕೂತಿತು. ಸರ್ ತಿರುಗಿ ನೋಡಿದರು. ಅವರ ಮುಖದ ಬಣ್ಣವೂ ಸ್ವಲ್ಪ ಹಸಿರಾಯಿತು.

“ಎಳೀಬೇಡಿ! ಹಲ್ಲು ಮುರಿಯುತ್ತೆ!”

“ಎಣ್ಣಿ ಹಚ್ಚೋಣ್ರಿ” ಎಂದಳು ಅವ್ವ.

“ಬೇಡ!”

“ಸಾಬಾಣ?”

“ಬೇಡಾ!”

“ಹುಣಸಿಹಣ್ಣು—”

ಸರ್ ಸ್ಟೂಲಿನ ಮೇಲೆ ಕೂತರು. ಅವ್ವ ನನ್ನ ಬೆರಳು ಹಿಡಿದು ಎಳೆದಳು, ಅಪ್ಪ ನನ್ನನ್ನು ಹಿಂದಿನಿಂದ ಹಿಡಿದುಕೊಂಡ. ಬೆರಳು ಬಾತು ಗುಂಡು ಬದನೆಕಾಯಿಯಾಯಿತು. ಅಕ್ಕಸಾಲಿಗನ ಹತ್ತಿರ ಹೋಗಿ ಕತ್ತರಿಸೋಣ ಎಂದರೆ ಸರ್, “ಕತ್ತರಿಸೋದಾ? ಅದಕ್ಕಿಂತ...” ಎಂದು ನನ್ನ ಬೆರಳನ್ನೇ ನೋಡಿ, ಸಭ್ಯರಾದ್ದರಿಂದ, ಮುಂದೆ ಹೇಳಲಿಲ್ಲ.

ಬಸ್ಸಿನ ಹೊತ್ತಾಯಿತು. ಅಪ್ಪ ಎದ್ದು ಟೋಪಿ ಹಾಕಿಕೊಂಡು, ಹೊರಡುವವರು ಯಾರಿಗಾದರೂ ಅನ್ನುವ ಹಾಗೆ ಸರ್‌ಗೂ “ಬರ್ರಿ” ಅಂದ. ಬರ್ರಿ ಅಂದರೆ ನಮ್ಮಲ್ಲಿ ನಾವು ಹೋಗುತ್ತೇವೆ ಎಂದು ಅರ್ಥ. ಸರ್ ನಿಜವಾಗಿ ಬಂದುಬಿಟ್ಟರು. ಅವರ ತಪ್ಪೂ ಅಲ್ಲ. ಅವರ ಜೀವ ನನ್ನ ಬೆರಳಿನಲ್ಲಿತ್ತು.

ಅವ್ವ ನನ್ನ ಕೈಗೆ ಕರವಸ್ತ್ರ ಸುತ್ತಿ, “ಕೈ ಮುಚ್ಚು, ಬಾಯಿ ಮುಚ್ಚು” ಎಂದು ಎರಡನ್ನೂ ಒಟ್ಟಿಗೇ ಹೇಳಿ ಕಳಿಸಿದಳು.

ಬಸ್ಸಿನಲ್ಲಿ ಸರ್ ನನ್ನ ಪಕ್ಕ ಕೂತು ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ರಸ್ತೆಯ ಗುಂಡಿಗೆ ಬಸ್ಸು ಹಾರಿದಾಗಲೆಲ್ಲ ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟು ಕೂಸಿನಂತೆ ಕಾಪಾಡಿದರು. ಕಂಡಕ್ಟರ್ ನಮ್ಮನ್ನು ನೋಡಿ ಅಪ್ಪನ ಹತ್ತಿರ ಬಗ್ಗಿ, “ಪೊಲೀಸ್ ಸಾಹೇಬ್ರೇನ್ರಿ? ಹುಡುಗ ಏನ್ ಮಾಡ್ಯಾನ್ರಿ?” ಎಂದು ಕೇಳಿದ.

“ಹುಂ” ಎಂದ ಅಪ್ಪ. ಹುಮನಾಬಾದಿನ ತನಕ ನಮ್ಮ ಹಿಂದಿನ ಸೀಟಿನಲ್ಲಿ ಯಾರೂ ಕೂಡಲಿಲ್ಲ.

ಸಾಹುಕಾರರ ಮನೆಯಲ್ಲಿ ಪಡಸಾಲೆಗೆ ಜಮಖಾನೆ ಹಾಸಿದ್ದರು. ಸಾಹುಕಾರರು ದಪ್ಪ ಮೀಸೆಯ ಮನುಷ್ಯ, ಹಣೆಯ ತುಂಬ ವಿಭೂತಿ. ಅವರ ತಾಯಿ, ಅಂದರೆ ಹುಡುಗಿಯ ಅಜ್ಜಿ, ಕಂಬಕ್ಕೆ ಒರಗಿ ಕೂತಿದ್ದಳು. ಶರಣು ಶರಣಾರ್ಥಿ ಆಯಿತು. ಸರ್ ಅವರನ್ನು ನೋಡಿ ಸಾಹುಕಾರರು, “ತಾವು?” ಎಂದರು.

“ನಾನು ಇವರ ಜೊತೆಗೇ ಇರಬೇಕಾಗಿದೆ” ಎಂದರು ಸರ್. ಅಪ್ಪ ಹುಂ ಅಂದ.

ಹುಡುಗಿ ಬಂದಳು. ಶಿರಾ, ಚೂಡಾ ಇಟ್ಟ ತಟ್ಟೆಗಳನ್ನು ನಮ್ಮ ಮುಂದಿಟ್ಟಳು. ನನ್ನ ಕರವಸ್ತ್ರ ಸುತ್ತಿದ ಕೈಯನ್ನೂ, ಅದನ್ನು ಹಿಡಿದು ಕೂತ ಸರ್ ಅವರನ್ನೂ ಒಮ್ಮೆ ನೋಡಿ, ತುಟಿ ಕಚ್ಚಿಕೊಂಡು ಒಳಗೆ ಹೋದಳು. ಬಾಗಿಲ ಪರದೆಯ ಕೆಳಗೆ ಅವಳ ಪಾದ ಮಾತ್ರ ಕಾಣುತ್ತಿತ್ತು. ಅಲ್ಲೇ ನಿಂತಿದ್ದಾಳೆ, ಕೇಳುತ್ತಿದ್ದಾಳೆ.

“ತಗೋರಿ, ಶಿರಾ ಆರ್ತದ” ಎಂದರು ಸಾಹುಕಾರರು.

ಇದನ್ನು ಅವ್ವ ಯೋಚಿಸಿರಲಿಲ್ಲ. ಉಂಗುರ ಇದ್ದದ್ದು ಬಲಗೈಯಲ್ಲಿ. ಎಡಗೈಯಲ್ಲಿ ತಿನ್ನುವವನಿಗೆ ಈ ಪ್ರಪಂಚದಲ್ಲಿ ಯಾರೂ ಕನ್ಯೆ ಕೊಡುವುದಿಲ್ಲ. ತಿನ್ನದೆ ಕೂತರೆ ಮನೆಗೆ ಅವಮಾನ. ನಾನು ಕರವಸ್ತ್ರ ಬಿಚ್ಚಿದೆ. ಸರ್ ನನ್ನ ಕೈ ಬಿಟ್ಟರು, ಆದರೆ ನಾನು ತುತ್ತು ಎತ್ತಿದಾಗಲೆಲ್ಲ ಅವರ ತಲೆಯೂ ತಟ್ಟೆಯಿಂದ ಬಾಯಿಗೆ, ಬಾಯಿಯಿಂದ ತಟ್ಟೆಗೆ ತಿರುಗಿತು. ಶಿರಾದ ತುಪ್ಪ ರೋಮಿನ ಹಲ್ಲುಗಳ ಸಂದಿಗೆ ಇಳಿಯಿತು.

ಸಾಹುಕಾರರು ಸುಮ್ಮನೆ ಎಷ್ಟು ಹೊತ್ತು ನೋಡಿಯಾರು? “ಉಂಗುರ ಭಾರೀ ಅದ. ಯಾರ್ದು ಅದು?” ಎಂದು ಕೇಳಿದರು.

ಒಂದೇ ಮಾತಿನಲ್ಲಿ ಉತ್ತರ ಕೊಡಬೇಕು. ಕೀಲಿದು ಅಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪರದೆಯ ಹಿಂದಿನ ಪಾದಗಳಿಗೆ ನಾನೂ ಓದಿದವನು ಎಂದು ತೋರಿಸುವ ಚಪಲ. ಬಾಯಿ ತುಂಬ ಶಿರಾ ಇಟ್ಟುಕೊಂಡು, ಪುಸ್ತಕದ ಕನ್ನಡದಲ್ಲಿ “ಬೀಗದ್ರಿ” ಎಂದೆ.

ಶಿರಾದ ಮೂಲಕ ಬಂದ ಆ ಮಾತು ಅವರಿಗೆ “ಬೀಗರ್ದ್ರಿ” ಎಂದು ಕೇಳಿಸಿತು.

ಸಾಹುಕಾರರು ಮೀಸೆ ಮುಟ್ಟಿಕೊಂಡರು. “ಯಾವ ಊರಿನ ಬೀಗ?”

“ರೋಮಿಂದ್ರಿ.”

ಅವರು ತಾಯಿಯ ಕಡೆ ತಿರುಗಿ ಮೆಲ್ಲಗೆ, “ರೋಮ ಎಲ್ಲಿ ಬರ್ತದವ್ವಾ?” ಎಂದರು.

“ಔರಾದ ಕಡಿ ಇರ್ಬೇಕು” ಎಂದಳು ಅಜ್ಜಿ.

“ಮತ್ತ ಆ ಬೀಗ ಈಗ ಎಲ್ಲಿ?”

ನನಗೆ ಸಂತೋಷವಾಯಿತು. ಸಾಹುಕಾರರಿಗೆ ಹಳೆಯ ವಸ್ತುಗಳಲ್ಲಿ ಇಷ್ಟೊಂದು ಆಸಕ್ತಿ! “ಮಣ್ಣಾಗ ಹೋಗ್ಯದ್ರಿ” ಎಂದೆ.

“ಶಿವನ!” ಎಂದಳು ಅಜ್ಜಿ. “ಸತ್ತ ಬೀಗಗ ಹೋಗ್ಯದ ಅಂತಾನಲ್ಲ, ಹೋಗ್ಯಾರ ಅನ್ಬೇಕು. ಮರ್ಯಾದಿ ಬ್ಯಾಡೇನು?”

ಒಂದೇ ಮಾತು ಎಂಬ ಕಟ್ಟಳೆಯನ್ನು ನಾನು ಅಷ್ಟು ಹೊತ್ತು ಪಾಲಿಸಿದ್ದೇ ಹೆಚ್ಚು. “ಅದೇನಾತು ಅಂದ್ರ ಅಮ್ಮಾ, ಬೀಗ ಪೂರಾ ಮಣ್ಣಾಗಿ ಹೋತು. ಕೈ ಅಷ್ಟೇ ಉಳೀತು. ಎಲ್ಲಾ ಕಡೀನೂ ಹಂಗೇ ಅಂತ್ರಿ, ಬೀಗ ಸಿಗಂಗಿಲ್ಲ, ಬರೇ ಕೈ ಸಿಗ್ತಾವ.”

ಅಜ್ಜಿ ಎರಡೂ ಕೈಯಿಂದ ಹಣೆ ಹಿಡಿದುಕೊಂಡಳು. ಪರದೆಯ ಹಿಂದೆ ಏನೋ ಕೆಮ್ಮಿದ ಹಾಗೆ ಸದ್ದಾಯಿತು.

“ಏನ್ರಿ,” ಎಂದು ಸಾಹುಕಾರರು ಅಪ್ಪನನ್ನು ಕೇಳಿದರು, ದನಿ ಏರಿತ್ತು. “ಖರೆ ಏನ್ರಿ ಇದು?”

“ಹುಂ.”

ಈಗ ಮೈಸೂರು ಸರ್‌ಗೆ ಏನೋ ಕೆಟ್ಟಿದೆ ಎಂದು ಅನಿಸಿತು. ಸಹಾಯ ಮಾಡುವ ಮನಸ್ಸಿನಿಂದ ಬಾಯಿ ಹಾಕಿದರು. “ದಯವಿಟ್ಟು ತಪ್ಪು ತಿಳೀಬೇಡಿ. ಆ ಉಂಗುರ ನನ್ನದು.”

“ನಿಮ್ದು?”

“ಹೌದು, ನಂದೇ. ಈ ಬೆಳಿಗ್ಗೆ ಇವರ ಬೆರಳಿಗೆ ಹೋಯ್ತು. ಇನ್ನು ಅದರ ಒಂದು ದಾರಿ ಆಗೋತನಕ ನಾನು ಇವರನ್ನ ಬಿಡೋ ಹಾಗಿಲ್ಲ.”

“ತಮಗ ಮಕ್ಕಳೆಷ್ಟು?”

ಸರ್‌ಗೆ ಪ್ರಶ್ನೆ ವಿಚಿತ್ರವೆನಿಸಿರಬೇಕು, ಆದರೆ ನಮ್ಮ ಕಡೆ ಬಸ್ಸಿನಲ್ಲೂ ಇದನ್ನು ಕೇಳುತ್ತಾರೆ, ಅವರಿಗೆ ರೂಢಿಯಾಗಿತ್ತು. “ಒಬ್ಬಳೇ ಮಗಳು. ಮೈಸೂರಲ್ಲಿ ಓದ್ತಿದ್ದಾಳೆ.”

“ಲಗ್ನ ಆಗ್ಯದ?”

“ಇನ್ನೂ ಇಲ್ಲ. ಅದೇ ನೋಡಿ ಯೋಚನೆ.”

ಸಾಹುಕಾರರು ಎದ್ದು ನಿಂತರು. “ಹಂಗಾರ ಸತ್ತಾಂವ ಬ್ಯಾರೆ, ಇವ್ರು ಬ್ಯಾರೆ! ಎರಡು ಕಡೀ ಸೋಯರಿಕಿ ಮುಗಿಸ್ಕೊಂಡು, ಒಬ್ಬನ್ನ ಮಣ್ಣಿಗಿಟ್ಟು, ಒಬ್ಬರನ್ನ ಕೈ ಹಿಡ್ಕೊಂಡು, ಮೂರ್ನೇದಕ್ಕ ನಮ್ಮನಿಗಿ ಬಂದೀರಿ! ನಮ್ಮನ್ನ ಏನ್ ತಿಳ್ಕೊಂಡೀರಿ?”

ಮಂಠಾಳ, ಮುಡಬಿ, ಬೇಮಳಖೇಡ ಮೂರೂ ಕಡೆ ನಾನು ಬಾಯಿ ಹರಿಬಿಟ್ಟು ಕೆಟ್ಟಿದ್ದೆ. ಇಲ್ಲಿ ಒಂದೊಂದೇ ಮಾತಾಡಿ ಅದಕ್ಕಿಂತ ಚೆನ್ನಾಗಿ ಕೆಟ್ಟೆ. ಚೀಲಕ್ಕೆ ಟಿಕೀಟು ಕೇಳಿದ ಹುಡುಗಿ ಪರದೆಯ ಆಚೆಗೇ ಉಳಿದುಹೋಗುತ್ತಾಳೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

ಪರದೆ ಸರಿಯಿತು. ಹುಡುಗಿ ಹೊರಗೆ ಬಂದಳು. ನಗು ತಡೆದು ತಡೆದು ಕಣ್ಣೆಲ್ಲ ಒದ್ದೆಯಾಗಿತ್ತು.

“ಅಪ್ಪಾ, ಕೂಡ್ರಿ.” ಮುಂದೆ ಮಾತಾಡಲಾಗದೆ ಸೆರಗಿನಿಂದ ಬಾಯಿ ಒತ್ತಿಕೊಂಡು, ಮತ್ತೆ ಸುರು ಮಾಡಿದಳು. “ಸರ್ ಕಡಿ ಬೀಗ ಅಂದ್ರ ಕೀಲಿ. ಬೀಗದ ಕೈ ಅಂದ್ರ ಕೀಲಿಕೈ. ನಾ ಪುಸ್ತಕದಾಗ ಓದೀನಿ. ಅದು ಯಾರ್ದೂ ಕೈ ಅಲ್ಲ. ಯಾರೂ ಸತ್ತಿಲ್ಲ.”

ಅಜ್ಜಿ ನನ್ನನ್ನು ಹತ್ತಿರ ಕರೆದು, ಬೆರಳು ಹಿಡಿದು, ಕಣ್ಣಿನ ತನಕ ಎತ್ತಿ ನೋಡಿದಳು. “ಹೌದಲ್ಲೋ! ಹಲ್ಲು ಅವ. ಕೀಲಿಕೈ ಅದ. ತಮ್ಮಾ, ಕೀಲಿಕೈ ಬೆರಳಿಗಿ ಯಾಕ ಹಾಕ್ಕೊಂಡಿ?”

“ಹಾಕಿ ನೋಡಿದ್ನಿ, ಅಮ್ಮಾ.”

“ತಗೀಬಾರ್ದೇನು?”

“ಬರವಲ್ದು.”

ಸಾಹುಕಾರರು ಕೂತಿರಲಿಲ್ಲ. “ಅವ್ವಾ, ಮಾತು ಬದಲಿ ಮಾಡಾಕತ್ತಾರ. ಈ ಮೈಸೂರು ಸಾಹೇಬ್ರಿಗಿ ಮಗಳು ಅದಾಳ ಅಂತ ಅವ್ರೇ ಒಪ್ಪ್ಯಾರ.”

ಅಜ್ಜಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೇಳಿದಳು, “ನಿನಗ ತಿಳೀವಲ್ದು. ಈ ಹುಡುಗಗ ಒಂದು ಉಂಗುರ ಹಾಕ್ಕೊಂಡು ತಗಿಯಾಕ ಬರಂಗಿಲ್ಲ. ಎರಡು ಕಡಿ ಕನ್ಯಾ ಗೊತ್ತು ಮಾಡ್ಕೊಂಡು ಮುಚ್ಚಿಡೋ ಅಕ್ಕಲ್ ಇದಕ್ಕ ಎಲ್ಲಿಂದ ಬರಬೇಕು?”

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಯಾವ ಕೋರ್ಟಿನಲ್ಲೂ ಸಿಗುವುದಿಲ್ಲ. ಸಾಹುಕಾರರು ನನ್ನನ್ನು ನೋಡಿದರು. ನಾನು ಆದಷ್ಟು ಪೆದ್ದನ ಮುಖ ಮಾಡಿದೆ. ಬಹಳ ಶ್ರಮ ಬೀಳಲಿಲ್ಲ. ಅವರು ನಿಧಾನವಾಗಿ ಕೂತರು.

ಆಮೇಲೆ ಅಜ್ಜಿ ದಾರ ತರಿಸಿದಳು. ಅದರ ತುದಿಯನ್ನು ಉಂಗುರದೊಳಗೆ ತೂರಿಸಿ, ಬಾತ ಬೆರಳಿಗೆ ಒತ್ತೊತ್ತಾಗಿ ಸುತ್ತಿ, ತುದಿ ಹಿಡಿದು ಬಿಚ್ಚುತ್ತ ಬಂದಳು. ನಾನು ಕಿರುಚಿದೆ. ಸರ್ ನನಗಿಂತ ಜೋರಾಗಿ ಕಿರುಚಿದರು. ಒಳಗೆ ಸೇರಿದ್ದ ಶಿರಾದ ತುಪ್ಪವೂ ಸಹಾಯ ಮಾಡಿತು. ಟಪ್ ಎಂದು ಉಂಗುರ ಅಜ್ಜಿಯ ಅಂಗೈಗೆ ಬಿತ್ತು.

ಸರ್ ಕಣ್ಣು ಮುಚ್ಚಿ ಗೋಡೆಗೆ ಒರಗಿಬಿಟ್ಟರು. ಸಾಹುಕಾರರು ಅವರಿಗೆ ನೀರು ಕೊಟ್ಟು ಬೀಸಣಿಗೆ ಬೀಸಿದರು. ಅಪ್ಪ ಬೆವರು ಒರೆಸಿಕೊಂಡ. ನಾನು ಬೆರಳು ಬಾಯಲ್ಲಿಟ್ಟುಕೊಂಡು ಕೂತೆ. ಈ ಗಡಬಡದಲ್ಲಿ ಉಂಗುರ ಎಲ್ಲಿ ಹೋಯಿತೆಂದು ಯಾರೂ ನೋಡಲಿಲ್ಲ. ಎಂಜಲು, ತುಪ್ಪ, ಶಿರಾ ಹತ್ತಿದ ವಸ್ತುವನ್ನು ಬಂದವರ ಕೈಗೆ ಹಾಗೇ ಕೊಡುವುದು ಆ ಮನೆಯ ರಿವಾಜಲ್ಲ. ಅಜ್ಜಿ ಅದನ್ನು ಮೊಮ್ಮಗಳಿಗೆ ಕೊಟ್ಟಿದ್ದಳು.

ಸ್ವಲ್ಪ ಹೊತ್ತಿಗೆ ಹುಡುಗಿ ಬಂದು ಸರ್ ಮುಂದೆ ತಟ್ಟೆ ಇಟ್ಟಳು. ಅದರಲ್ಲಿ ಎರಡು ಸಾವಿರ ವರ್ಷದ ರೋಮು ಹೊಸ ಹಿತ್ತಾಳೆ ನಾಣ್ಯದ ಹಾಗೆ ಫಳಫಳ ಹೊಳೆಯುತ್ತಿತ್ತು. ಹುಣಸೆಹಣ್ಣಿನ ವಾಸನೆ ಇನ್ನೂ ಇತ್ತು.

ಸರ್ ಅದನ್ನು ನೋಡಿದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. “ಕಿಲುಬು...” ಎಂದರು, ಯಾರೋ ಹೆಸರು ಹಿಡಿದು ಕರೆದ ಹಾಗೆ. “ಎರಡು ಸಾವಿರ ವರ್ಷದ ಕಿಲುಬು, ಅಮ್ಮಾ.”

ಹುಡುಗಿಗೆ ನಿಜವಾಗಿ ಕೆಡುಕೆನಿಸಿತು. ಅವಳು ಸರ್ ಎದುರು ಕೂತು, ಬಹಳ ಮರ್ಯಾದೆಯಿಂದ ಕೇಳಿದಳು: “ಅಷ್ಟು ವರ್ಷ ಅದನ್ನ ಯಾರೂ ತಿಕ್ಕಿಲ್ಲೇನ್ರಿ, ಸರ್? ಆ ಮನ್ಯಾಗ ಅತ್ತಿ ಇರ್ಲಿಲ್ಲೇನ್ರಿ?”

ನಾನು ನಕ್ಕೆ. ನಗಬಾರದಿತ್ತು. ಸರ್ ದುಃಖದಲ್ಲಿದ್ದರು, ಸಾಹುಕಾರರು ಗಂಭೀರವಾಗಿದ್ದರು, ಅಪ್ಪ ಗಂಟಲ ಹುಂ ಎರಡು ಸಲ ಹೊಡೆದ. ನನ್ನ ನಗು ನಿಲ್ಲಲಿಲ್ಲ. ಅವಳು ನನ್ನ ಕಡೆ ನೋಡಿ, ಅವಳಿಗೂ ಅಷ್ಟು ಹೊತ್ತು ಕಟ್ಟಿಹಾಕಿದ್ದು ಒಡೆದು, ಅವಳೂ ನಕ್ಕಳು. ಕನ್ಯೆ ನೋಡಲು ಹೋದಲ್ಲಿ ಹುಡುಗ ಹುಡುಗಿ ಇಬ್ಬರೂ ಹೊಟ್ಟೆ ಹಿಡಿದು ನಗುವುದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಅಜ್ಜಿ ಅವಳನ್ನು ತೋಳು ಹಿಡಿದು ಒಳಗೆ ಕರೆದೊಯ್ದಳು. ಒಳಗಿನಿಂದಲೂ ನಗು ಕೇಳಿಸುತ್ತಿತ್ತು.

ಹೊರಡುವಾಗ ಸಾಹುಕಾರರು “ಹೇಳಿ ಕಳಸ್ತೀವಿ” ಎಂದರು. ಕೊಡುವುದಿಲ್ಲ ಎಂಬುದನ್ನು ನಮ್ಮಲ್ಲಿ ಹಾಗೆಯೇ ಹೇಳುವುದು. ಮೆಟ್ಟಿಲು ಇಳಿಯುವಾಗ ಅವರು ತಾಯಿಗೆ “ಹುಡುಗ ಜರಾ ಹುಚ್ಚ ಅದಾನ” ಎನ್ನುವುದೂ ನನ್ನ ಕಿವಿಗೆ ಬಿತ್ತು. ಜರಾ ಎಂದದ್ದೊಂದೇ ಸಮಾಧಾನ.

ಮನೆಯಲ್ಲಿ ಅವ್ವ, “ಎಷ್ಟು ಮಾತಾಡಿದಿ?” ಎಂದು ಕೇಳಿದಳು. ನಾನು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಅವಳು ತಲೆಗೆ ಕೈ ಹೊತ್ತು ಕೂತಳು. ಆ ವಾರವೆಲ್ಲ ನಾನು ದುಕಾನಿನಲ್ಲಿ ಹುಂ ಎನ್ನುತ್ತ ಕೂತೆ. ಗಿರಾಕಿಗಳು ಅಪ್ಪನಿಗೆ “ಹುಡುಗಗ ಮೈಯಾಗ ಆರಾಮ ಇಲ್ಲೇನ್ರಿ?” ಎಂದು ಕೇಳತೊಡಗಿದರು. ಬೆರಳಿನ ಬಾವು ಇಳಿಯಿತು. ಹುಮನಾಬಾದಿನಿಂದ ಯಾರೂ ಬರಲಿಲ್ಲ.

ಭಾನುವಾರ ಮೈಸೂರು ಸರ್ ಬಂದರು. ಅವರು ಇನ್ನೆಂದೂ ಈ ದುಕಾನು ಹತ್ತುವುದಿಲ್ಲ ಎಂದುಕೊಂಡಿದ್ದ ನಾನು ಎದ್ದು ಸ್ಟೂಲು ಹಾಕಿದೆ. ಅವರು ಕೂಡಲಿಲ್ಲ. ಕೊಡೆಯ ತುದಿಯಿಂದ ನೆಲ ಕುಟ್ಟುತ್ತ ನಿಂತರು.

“ಆ ಸಾಹುಕಾರರು ನಿನ್ನೆ ನನ್ನ ಕೋಣೆಗೆ ಬಂದಿದ್ರು” ಎಂದರು. “ನಿನ್ನ ವಿಷಯ ಕೇಳಿದ್ರು. ಕುಡೀತಾನಾ, ಜೂಜಾಡ್ತಾನಾ ಅಂತ. ಇಲ್ಲ ಅಂದೆ. ಬುದ್ಧಿ ಹೇಗೆ ಅಂದ್ರು. ನನ್ನ ಬೀಗದ ಕೈ ತೋರಿಸಿದೆ.”

ಅವ್ವ ಒಳಬಾಗಿಲಿಗೆ ಬಂದು ನಿಂತಳು.

“ಅವರ ತಾಯಿಗೆ ಒಪ್ಪಿಗೆಯಂತೆ. ಸಾಹುಕಾರರಿಗೆ ಇನ್ನೂ ಅನುಮಾನ. ಆದ್ರೆ ಹುಡುಗಿ, ಬೇರೆ ವರ ನೋಡೋದೇ ಬೇಡ, ಆ ಮನೇಲಿ ನಗೋಕೆ ಜೊತೆ ಇದೆ ಅಂದಳಂತೆ. ಅದಕ್ಕೇ ಅವರೂ ಹೂಂ ಅಂದ್ರಂತೆ. ಮುಂದಿನ ಮಾತಿಗೆ ನಿಮ್ಮನ್ನ ಬರಹೇಳಿದ್ದಾರೆ.” ಸರ್ ಕೊಡೆಯನ್ನು ಬಗಲಿಗೆ ಏರಿಸಿದರು. “ನನ್ನನ್ನ ಕೇಳಿದ್ರೆ ಬೇಡ ಅಂತಿದ್ದೆ. ಯಾರೂ ಕೇಳಲಿಲ್ಲ.”

ಅಪ್ಪ ಗಲ್ಲೆಯ ಹಿಂದೆ ಎದ್ದು ನಿಂತು, “ಚಲೋ ಆತು” ಅಂದ. ಎರಡು ಪೂರ್ತಿ ಮಾತು. ನಾನು ತಿರುಗಿ ನೋಡಿದೆ.

ಅವ್ವ ಒಳಗೆ ಓಡಿ ಸಕ್ಕರೆ ತಂದು, ಶುಭ ಸುದ್ದಿ ತಂದವರಿಗೆ ಹಾಕುವ ಹಾಗೆ, ಮೈಸೂರು ಸರ್ ಬಾಯಿಗೆ ಹಿಡಿ ತುಂಬ ಹಾಕಿದಳು. ಅವರು ಸಕ್ಕರೆಯನ್ನು ಒಂದು ದವಡೆಗೆ ಸರಿಸಿಕೊಂಡು, “ಅದೆಲ್ಲ ಇರಲಿ ತಾಯಿ, ಆ ಹುಡುಗಿಗೆ ಒಂದು ಮಾತು ಹೇಳಿ, ನನ್ನ ಪೆಟ್ಟಿಗೆಯ ಹತ್ತಿರ ಮಾತ್ರ...” ಎಂದು ಸುರು ಮಾಡಿದರು. ಅವ್ವ ಇನ್ನೊಂದು ಹಿಡಿ ಹಾಕಿದಳು.